ಒಬುರಾ ಬಿಟ್ಟುಹೋದ ಫೋನು

ಟೋಬಿಯಾಸನ ಮೊಬೈಲ್ ರಿಪೇರಿ ಗೂಡಂಗಡಿಗೂ ನಾನು ಮೀನು ಕರಿಯುವ ಜಾಗಕ್ಕೂ ನಡುವೆ ಒಂದು ತಗಡು ಅಷ್ಟೇ. ಸರೋವರದ ದಡದ ನಮ್ಮ ಕಿಸುಮು ಪೇಟೆಯ ಗಂಡಸರ ಗೋಳೆಲ್ಲ ಆ ತಗಡಿನಾಚೆಯಿಂದ ನನ್ನ ಕಿವಿಗೆ ಬೀಳುತ್ತದೆ. ಶನಿವಾರ ಬಂತೆಂದರೆ ಗೋಳು ಒಂದೇ: ಬೆಟ್ಟಿಂಗ್ ಆ್ಯಪ್ ತೆರೆಯುವುದಿಲ್ಲ, ತೆರೆದರೂ ನಿಲ್ಲುವುದಿಲ್ಲ. ಹೆಂಡತಿಗೆ ಹೆರಿಗೆ ನೋವು ಬಂದಾಗಲೂ ಓಡದವರು ಫುಟ್‌ಬಾಲ್ ಆಟಕ್ಕೆ ಮುಂಚೆ ಏದುಸಿರು ಬಿಡುತ್ತಾ ಓಡಿ ಬರುತ್ತಾರೆ. ಟೋಬಿಯಾಸ್ ಯಾರಿಗೂ ಬುದ್ಧಿ ಹೇಳುವವನಲ್ಲ. ಫೋನು ತೆಗೆದುಕೊಂಡು, ಯಾವಾಗ ಬೇಕು ಎಂದು ಕೇಳುತ್ತಾನೆ. ಈಗಲೇ ಬೇಕು ಎನ್ನುತ್ತಾರೆ ಎಲ್ಲರೂ.

ಒಬುರಾ ಮಾತ್ರ ಒಂದು ಶನಿವಾರ ಹಾಗೆನ್ನಲಿಲ್ಲ. ಅವನು ಮೀನುಗಾರ. ಬೆಟ್ಟಿಂಗಿನಲ್ಲಿ ಸೋತು ಸೋತು ದೋಣಿಯನ್ನೂ ಮಾರಿಕೊಂಡಿದ್ದ.

"ಆ್ಯಪ್ ಮತ್ತೆ ಮುಚ್ಕೋತಿದೆಯಾ?" ಎಂದ ಟೋಬಿಯಾಸ್.

"ಹೂಂ. ತೆಗೆದ್ರೆ ಸಾಕು, ಮುಚ್ಕೊಂಡ್‌ಬಿಡುತ್ತೆ."

"ನಿನ್ನ ಮುಖ ನೋಡಿ ನೋಡಿ ಅದಕ್ಕೂ ಬೇಜಾರಾಗಿದೆ ಕಣೋ. ಯಾವಾಗ ಬೇಕು?"

"ಅವಸರ ಇಲ್ಲ. ನಿಧಾನಕ್ಕೆ ಮಾಡು."

"ಏನಪ್ಪಾ, ಇವತ್ತು ಆಟ ಇಲ್ವಾ?" ಎಂದು ನಾನು ಈಚೆಯಿಂದ ಕೆಣಕಿದೆ. ಅವನು ನಕ್ಕು ಸರೋವರದ ಕಡೆ ನಡೆದ.

ಫೋನಿನಲ್ಲಿ ಜಾಗ ಸಾಲದಿರಬೇಕೆಂದು ಟೋಬಿಯಾಸ್ ಹಳೆಯ ವಿಡಿಯೋಗಳನ್ನು ಅಳಿಸಿ ನೋಡಿದ. ಆಫ್ ಮಾಡಿ ಆನ್ ಮಾಡಿದ. ಆ್ಯಪ್ ಮುಖ ತೋರಿಸಿ ಮಾಯವಾಗುತ್ತಲೇ ಇತ್ತು. ಕೊನೆಗೆ ಅದನ್ನೇ ಕಿತ್ತುಹಾಕಿ ಹೊಸದು ಹಾಕಿದ. ಈ ಸಲ ನಿಂತಿತು. "ನೋಡಕ್ಕಾ, ದಾರಿಗೆ ಬಂತು" ಎಂದು ನನ್ನ ಕಡೆ ತಿರುಗಿಸಿ ತೋರಿಸುತ್ತಿದ್ದ. ಅಷ್ಟರಲ್ಲಿ ಬಾಡಿಗೆ ಬೈಕಿನವನೊಬ್ಬ ಬಂದು, ಒಬುರಾನ ಹೆಣ ನೀರಿನಲ್ಲಿ ಸಿಕ್ಕಿತು ಎಂದ.

ತಾನಾಗಿ ಪ್ರಾಣ ಕಳೆದುಕೊಂಡವನನ್ನು ನಮ್ಮಲ್ಲಿ ಮನೆಯ ಬೇಲಿಯೊಳಗೆ ಹೂಳುವುದಿಲ್ಲ. ಅವನಿಗಾಗಿ ಬಾಯಿಬಿಟ್ಟು ಅಳುವಂತಿಲ್ಲ. ಅವನ ಹೆಸರನ್ನು ಯಾವ ಮಗುವಿಗೂ ಇಡುವಂತಿಲ್ಲ. ಇಟ್ಟರೆ ಹೆಸರಿನ ಜೊತೆ ಆ ಸಾವೂ ಮಗುವಿಗೆ ಅಂಟುತ್ತದೆ. ಒಬುರಾನ ಹೆಂಡತಿ ಅವಿನೊ ಆಗ ತುಂಬಿದ ಬಸುರಿ. ಸೊಂಟದ ಮಟ್ಟದ ನೀರಿನಲ್ಲಿ ಮೀನುಗಾರ ಮುಳುಗಿದ್ದು ಹೇಗೆಂದು ಕುಲದ ಹಿರಿಯರಿಗೆ ಅನುಮಾನ ಬಂತು. ಅವನು ಕೊನೆಗೆ ಮಾತಾಡಿದ್ದು ಟೋಬಿಯಾಸನ ಹತ್ತಿರ ಎಂದು ತಿಳಿದು ಅಂಗಡಿಗೇ ಬಂದರು.

"ಫೋನು ಕೊಡುವಾಗ ಏನಂದ, ಹೇಳಪ್ಪಾ. ವಾಪಸ್ ಬರ್ತೀನಿ ಅಂದ್ನಾ?"

ಅವರ ಹಿಂದೆ ಅವಿನೊ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಟೋಬಿಯಾಸ್ ಅವಳನ್ನೇ ನೋಡಿದ.

"ಆಟಕ್ಕೆ ಮುಂಚೆ ರೆಡಿ ಮಾಡಿಡು, ಬಂದು ತಗೋತೀನಿ ಅಂದ ಅಜ್ಜಾ."

ಹಿರಿಯರು ನನ್ನ ಕಡೆ ತಿರುಗಿದರು. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. "ಬೇಗ ಬೇಗ ಅಂತ ಪ್ರಾಣ ತಿಂದ" ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಒಬುರಾನನ್ನು ಬೇಲಿಯೊಳಗೇ ಹೂಳಿದರು. ಅವಿನೊ ಗಂಟಲು ಹರಿಯುವ ಹಾಗೆ ಅತ್ತಳು.

ಟೋಬಿಯಾಸ್ ಮಾತ್ರ ಮೊದಲಿನಂತಾಗಲಿಲ್ಲ. ಯಾರದೋ ಫೋನಿನಲ್ಲಿ ಆ್ಯಪ್ ತಾನಾಗಿ ಮುಚ್ಚಿಕೊಂಡರೆ ಅದನ್ನು ಕೆಳಗಿಟ್ಟು ಸರೋವರದ ಕಡೆ ನೋಡುತ್ತಿದ್ದ. "ಅವನ ಬಾಯಲ್ಲಿ ಇಲ್ಲದ ಮಾತು ಹಾಕ್ಬಿಟ್ವಿ ಅಕ್ಕಾ. ಸತ್ತವನು ಒಪ್ಪಿದ್ನೋ ಇಲ್ವೋ" ಎನ್ನುತ್ತಿದ್ದ. ಬಾಯಿಮುಚ್ಚು ಎಂದು ಗದರುತ್ತಿದ್ದೆ. ಭಯ ನನಗೂ ಇತ್ತು.

ಅವಿನೊಗೆ ಗಂಡು ಮಗು ಹುಟ್ಟಿತು. ಸೋಪು, ಸಕ್ಕರೆ ಹಿಡಿದುಕೊಂಡು ಟೋಬಿಯಾಸನನ್ನೂ ಎಳೆದುಕೊಂಡು ಹೋದೆ. ಮಗು ಒಂದೇ ಸಮನೆ ಅಳುತ್ತಿತ್ತು. ಅದು ಹೆಸರಿಗಾಗಿ ಅಳುವ ಅಳು. ಸತ್ತವರಲ್ಲಿ ಯಾರು ಮಗುವಾಗಿ ಬಂದಿದ್ದಾರೋ ಅವರ ಹೆಸರು ಹಿಡಿದು ಕರೆದರೆ ನಿಲ್ಲುತ್ತದೆ. ಮುದುಕಿಯರು ಮನೆತನದಲ್ಲಿ ಸತ್ತವರನ್ನೆಲ್ಲ ಕರೆದು ಸೋತಿದ್ದರು. ಅನುಮಾನ ಪೂರ್ತಿ ಹೋಗದಿದ್ದ ಒಂದು ಹೆಸರನ್ನು ಮಾತ್ರ ಯಾರೂ ಬಾಯಿಗೆ ತಂದಿರಲಿಲ್ಲ.

ಅವಿನೊ ಮಗುವನ್ನೆತ್ತಿಕೊಂಡು ನಮ್ಮಿಬ್ಬರನ್ನೂ ಬಾಗಿಲಾಚೆ ಕರೆದಳು.

"ಅಣ್ಣಾ, ಹಿರಿಯರಿಗೆ ಹೇಳಿದ್ದು ಹಾಗಿರ್ಲಿ. ನಂಗೆ ಹೇಳು. ಬರ್ತೀನಿ ಅಂದಿದ್ನಾ? ನನ್ನ ಮಗೂನ ಆ ಹೆಸರಿಂದ ಕರೀಲಾ, ಬೇಡ್ವಾ?"

ಅಳುವಿಗೆ ಮಗುವಿನ ತುಟಿ ನೀಲಿಯಾಗಿತ್ತು. ನಾನು ಟೋಬಿಯಾಸನ ಮುಖ ನೋಡಿದೆ.

"ಅಂದಿದ್ದ" ಎಂದ ಟೋಬಿಯಾಸ್. "ಕರಿ."

ಅವಿನೊ ಮಗುವಿನ ಕಿವಿಗೆ ಬಾಗಿ "ಒಬುರಾ" ಎಂದಳು. ಅಳು ತಟ್ಟನೆ ನಿಂತಿತು. ಒಳಗಿದ್ದ ಮುದುಕಿಯರು ಸಂತೋಷದಿಂದ ಕೇಕೆ ಹಾಕಿದರು.

ಒಬುರಾ ಈಗ ಓಡಾಡುತ್ತಾನೆ. ಪೇಟೆಗೆ ಬಂದರೆ ನೇರ ಟೋಬಿಯಾಸನ ಹತ್ತಿರ ಹೋಗಿ ಎತ್ತಿಕೋ ಎಂದು ಕೈ ಚಾಚುತ್ತಾನೆ. ಟೋಬಿಯಾಸ್ ಬಿಸ್ಕತ್ತು ಕೊಡುತ್ತಾನೆ, ಎತ್ತಿಕೊಳ್ಳುವುದಿಲ್ಲ. ಆದರೆ ಅವಿನೊ ಮಗುವನ್ನು ಕರೆದುಕೊಂಡು ಸರೋವರಕ್ಕೆ ಬಟ್ಟೆ ಒಗೆಯಲು ಹೊರಟರೆ ಸಾಕು, ಗಿರಾಕಿಗಳನ್ನು ಹಾಗೇ ಬಿಟ್ಟು ಅವರ ಹಿಂದೆ ಹೋಗುತ್ತಾನೆ. ಮಗು ನೀರು ಬಿಟ್ಟು ದೂರ ಬರುವವರೆಗೂ ದಡದಲ್ಲಿ ನಿಂತಿರುತ್ತಾನೆ.