ಉಷಾ ಕಳಿಸದ ಪಾರ್ಸೆಲ್

ಉಷಾ ಕೇಶವಮೂರ್ತಿ ಗುರುವಾರ ಮಧ್ಯಾಹ್ನ ತೀರಿಕೊಂಡಳು. ಪೊಲೀಸ್ ಠಾಣೆಯ ಪಾರ್ಕಿಂಗ್ ಲಾಟಿನಲ್ಲಿ, ತನ್ನ ಕಾರಿನಲ್ಲಿ, ಕೂತಲ್ಲೇ. ಹೃದಯಾಘಾತ ಎಂದರು. ಎಪ್ಪತ್ತೊಂದು ವರ್ಷವಾಗಿತ್ತು.

ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಹರಡಿದಾಗ ಕೈಮುಗಿದ ಚಿತ್ರಗಳ ಸಾಲಿನ ನಡುವೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಪೊಲೀಸ್ ಠಾಣೆಗೆ ಯಾಕೆ ಹೋಗಿದ್ದರು? ಸೊಸೆಯ ಜಗಳವೇ ಎಂದು ಒಬ್ಬರು ಕೇಳಿದರು. ಉಷಾಗೆ ಮಕ್ಕಳೇ ಇರಲಿಲ್ಲ. ಪಿಸ್ತೂಲಿನ ಗುಂಡುಗಳನ್ನು ಒಪ್ಪಿಸಲು ಹೋಗಿದ್ದಳಂತೆ ಎಂದು ಗೊತ್ತಾದ ಮೇಲೆ, ಅಂತ್ಯದರ್ಶನಕ್ಕೆ ಸೇರಿದ್ದ ಫ್ಯೂನರಲ್ ಹೋಮಿನ ಕಾಫಿ ಮೇಜಿನ ಹತ್ತಿರ ಇನ್ನೊಬ್ಬರು, ‘ಛೆ, ಈಗ ಅಂಗಡೀಲೂ ಸರಿಯಾಗಿ ಸಿಗಲ್ಲ, ನಮಗಾದ್ರೂ ಕೊಡಬಹುದಿತ್ತು’ ಅಂದರು. ಅವಳ ದೇಹ ಆಗ ಪಕ್ಕದ ಕೋಣೆಯಲ್ಲಿತ್ತು. ಈ ಮಾತಿಗೆ ಮೂವರು ತಲೆಯಾಡಿಸಿದರು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು ಒಳ್ಳೆಯದು.

ಉಷಾ ಮೈಸೂರಿನ ಕೃಷ್ಣಮೂರ್ತಿಪುರಂನವಳು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡಿ, ಮದುವೆಯಾಗಿ ಸಮುದ್ರ ದಾಟಿ ಇಲ್ಲಿಗೆ ಬಂದು, ದೊಡ್ಡ ಆಸ್ಪತ್ರೆಯೊಂದರ ಬ್ಲಡ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲಿಂದಲೇ ನಿವೃತ್ತಳಾದಳು. ಮಾತು ಚುರುಕು. ಕನ್ನಡ ಕೂಟದ ಊಟದಲ್ಲಿ ಯಾರಾದರೂ ಪುಳಿಯೋಗರೆ ಚೆನ್ನಾಗಿದೆ ಎಂದರೆ, ‘ಹಸಿವಾಗಿದೆ ನಿಮಗೆ, ಅಷ್ಟೇ’ ಅನ್ನುವಳು. ಹಾಡಿ ಎಂದರೆ ಎದ್ದು ಹೋಗುವಳು. ಆದರೆ ಮನೆಗೆ ಬಂದವರು ಯಾರೂ ಬರಿಗೈಲಿ ಹೋದದ್ದಿಲ್ಲ. ಸಾರಿನ ಪುಡಿಯ ಪ್ಯಾಕೆಟ್ಟೋ, ಹುಣಸೆ ಗೊಜ್ಜಿನ ಬಾಟಲಿಯೋ ಕೈಯಲ್ಲಿರುತ್ತಿತ್ತು.

ಬ್ಲಡ್ ಬ್ಯಾಂಕಿನ ಕೆಲಸವೆಂದರೆ ಕೆಳಗಿನ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ. ರೋಗಿಯ ಮುಖ ಕಾಣುವುದಿಲ್ಲ. ಎಮರ್ಜೆನ್ಸಿಯಿಂದ ಫೋನು ಬರುತ್ತದೆ, ರಕ್ತ ಹೊಂದಿಸಿ ಕಳಿಸಬೇಕು. ಗುಂಡೇಟಿನವರು ಬಂದರೆ ಹೊಂದಿಸುವುದಕ್ಕೂ ಪುರುಸೊತ್ತಿಲ್ಲ. ಯಾರಿಗಾದರೂ ಒಗ್ಗುವ ರಕ್ತವನ್ನೇ ಪೆಟ್ಟಿಗೆಗೆ ತುಂಬಿ ಓಡಿಸಬೇಕು. ಮತ್ತೆ ಫೋನು, ಮತ್ತೆ ಪೆಟ್ಟಿಗೆ. ಆಮೇಲೆ ಒಮ್ಮೆಲೇ ಫೋನು ನಿಲ್ಲುತ್ತದೆ, ಬಳಸದೆ ಉಳಿದ ಚೀಲಗಳು ವಾಪಸ್ಸು ಬರುತ್ತವೆ. ಮೇಲಿದ್ದವನು ಬದುಕಿದ್ದರಿಂದ ವಾಪಸ್ಸು ಬಂದವೋ, ಸತ್ತದ್ದರಿಂದಲೋ, ಚೀಲ ನೋಡಿ ಹೇಳುವ ಹಾಗಿಲ್ಲ. ಉಷಾ ಮೇಲೆ ಫೋನು ಮಾಡಿ ಕೇಳುತ್ತಿದ್ದಳು. ಜೊತೆಗಿದ್ದವರು, ಕೇಳಬೇಡ, ಕೇಳಿದರೆ ಈ ಕೆಲಸ ಮಾಡಲಾಗದು ಎನ್ನುತ್ತಿದ್ದರು. ಅವಳು ಕೇಳುವುದನ್ನು ಬಿಡಲಿಲ್ಲ.

ಇಂಥವಳ ಮನೆಗೆ ಪಿಸ್ತೂಲು ಬಂದದ್ದು ಗಂಡ ಕೇಶವಮೂರ್ತಿಯ ಕೈಯಿಂದ. ನಮ್ಮವರ ಮನೆಗಳಲ್ಲಿ ಬಂಗಾರ ಇರುತ್ತದೆಂದು ಕಳ್ಳರು ಸುತ್ತಮುತ್ತ ನಾಲ್ಕಾರು ಮನೆ ಒಡೆದ ವರ್ಷ ಅದು. ಕೇಶವಮೂರ್ತಿ, ಪಕ್ಕದೂರು ಕೆಂಡಲ್ ಪಾರ್ಕಿನ ಸುಬ್ಬು, ಇನ್ನಿಬ್ಬರು ನಿವೃತ್ತರು ಸೇರಿ ಟೋನಿ ಎಂಬವನ ಶೂಟಿಂಗ್ ರೇಂಜಿಗೆ ಹೋಗತೊಡಗಿದರು. ಲೈಸೆನ್ಸು ಮಾಡಿಸಿದರು, ಟೋನಿಯ ಅಂಗಡಿಯಲ್ಲೇ ಪಿಸ್ತೂಲು ಕೊಂಡರು. ಶನಿವಾರ ಬೆಳಗ್ಗೆ ಕಿವಿಗೆ ಮುಚ್ಚಳ ಹಾಕಿಕೊಂಡು ಕಾಗದದ ಮನುಷ್ಯನ ಎದೆಗೆ ಹೊಡೆಯುವುದು, ಆಮೇಲೆ ಇಂಡಿಯನ್ ಹೋಟೆಲುಗಳಿರುವ ಎಡಿಸನ್ನಿಗೆ ಹೋಗಿ ಮಸಾಲೆ ದೋಸೆ ತಿನ್ನುವುದು. ಕಾಗದವನ್ನು ಕೇಶವಮೂರ್ತಿ ಮನೆಗೆ ತಂದು ತೋರಿಸುತ್ತಿದ್ದ. ಉಷಾ ಅದನ್ನು ಅವನ ಕಣ್ಣೆದುರೇ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಬಂಗಾರವನ್ನೆಲ್ಲ ಬ್ಯಾಂಕಿನ ಲಾಕರಿನಲ್ಲಿಟ್ಟು ಬಂದು, ‘ಈಗ ಯಾರನ್ನ ಹೊಡೀತೀರಿ?’ ಎಂದು ಕೇಳಿದಳು. ಅದಕ್ಕೂ ಅವನು ನಕ್ಕ. ಒಳ್ಳೆಯವನೇ. ಗಂಡಸರು ಗುಂಪು ಕಟ್ಟಿಕೊಂಡರೆ ಒಳ್ಳೆಯತನ ಎಲ್ಲಿಗೋ ಹೋಗಿರುತ್ತದೆ.

ಆ ಸಲದ ಆಯುಧಪೂಜೆಗೆ ಅವನು ತಟ್ಟೆಯಲ್ಲಿ ಕಾರಿನ ಕೀ, ಲ್ಯಾಪ್‌ಟಾಪ್, ಉಷಾಳ ಹೊಲಿಗೆ ಕತ್ತರಿ ಎಲ್ಲದರ ಜೊತೆ ಪಿಸ್ತೂಲನ್ನೂ ಗುಂಡಿನ ಡಬ್ಬಿಗಳನ್ನೂ ಇಟ್ಟು, ಡಬ್ಬಿಗಳಿಗೆ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದ. ಇವತ್ತಲ್ಲದೆ ಇನ್ನೆಂದು ಇಡಬೇಕು, ಇದೇ ನಿಜವಾದ ಆಯುಧ ಎಂದು ಸುಬ್ಬು ಫೋಟೋ ಹೊಡೆದ. ಉಷಾ ತನ್ನ ಕತ್ತರಿಯನ್ನು ತಟ್ಟೆಯಿಂದ ಎತ್ತಿಕೊಂಡು ಹೋದಳು. ಆ ದಿನ ಮನೆಯಲ್ಲಿ ಅವಳು ಊಟ ಮಾಡಲಿಲ್ಲ.

ಕೇಶವಮೂರ್ತಿ ಹೋದ ವರ್ಷ ಸತ್ತ. ಪ್ಯಾಂಕ್ರಿಯಾಸ್ ಕ್ಯಾನ್ಸರು, ಬೇಗ ಮುಗಿಯಿತು. ಮಕ್ಕಳಿಲ್ಲದ್ದರಿಂದ ಕರ್ಮ ಮಾಡಿದವನು ಅವನ ತಮ್ಮನ ಮಗ ಅಭಿನವ್. ಪಕ್ಕದ ರಾಜ್ಯ ಪೆನ್ಸಿಲ್ವೇನಿಯಾದಿಂದ ರಜೆ ಹಾಕಿ ಬಂದು, ತಲೆ ಬೋಳಿಸಿಕೊಂಡು, ಪುರೋಹಿತರು ಹೇಳಿದ್ದನ್ನೆಲ್ಲ ತಪ್ಪಿಲ್ಲದೆ ಮಾಡಿದ. ಅವನ ಹೆಂಡತಿ ತಾನ್ಯಾ ಪಂಜಾಬಿ ಹುಡುಗಿ. ಅಷ್ಟೂ ದಿನ ಉಷಾಳ ಪಕ್ಕದಲ್ಲೇ ಮಲಗಿದಳು, ಸಾರು ಮಾಡುವುದನ್ನು ಕಲಿತಳು. ಈ ಋಣ ಉಷಾ ಮರೆಯುವಂಥದ್ದಲ್ಲ. ಇನ್ನು ಮೇಲೆ ವರ್ಷ ವರ್ಷ ತಿಥಿ ಮಾಡಬೇಕಾದವನೂ ಅವನೇ. ಉಷಾ ಸ್ವತಃ ಇದನ್ನೆಲ್ಲ ನಂಬಿದವಳಲ್ಲ. ಆದರೆ ಕೇಶವಮೂರ್ತಿ ನಂಬಿದ್ದ. ಕೊನೆಯ ವಾರದಲ್ಲಿ ಅವನು ಅವಳ ಕೈ ಹಿಡಿದು ಕೇಳಿದ್ದು ಇದೊಂದನ್ನೇ: ತಿಥಿ ತಪ್ಪಿಸಬೇಡ. ಅವಳು ಹೂಂ ಅಂದಿದ್ದಳು.

ಪಿಸ್ತೂಲನ್ನು ಟೋನಿ ಕಾನೂನು ಪ್ರಕಾರ ಬರೆಸಿಕೊಂಡು ವಾಪಸ್ಸು ತೆಗೆದುಕೊಂಡ. ಗುಂಡುಗಳನ್ನು ಮಾತ್ರ ಬೇಡವೆಂದ. ಬಿಚ್ಚಿದ ಡಬ್ಬಿ ನಾನು ಮುಟ್ಟಲ್ಲ, ಬೇಕಾದರೆ ಪೊಲೀಸರಿಗೆ ಫೋನು ಮಾಡಿ, ತೆಗೆದುಕೊಂಡು ನಾಶ ಮಾಡುತ್ತಾರೆ ಎಂದ. ಉಷಾ ಫೋನು ಮಾಡುವುದರಲ್ಲಿದ್ದಳು. ಅಷ್ಟರಲ್ಲಿ ಅಭಿನವ್ ಕೇಳಿದ. ತಾನೂ ರೇಂಜಿಗೆ ಹೋಗುತ್ತೇನೆ, ತನ್ನದೂ ಅದೇ ಅಳತೆಯ ಪಿಸ್ತೂಲು, ದೊಡ್ಡಪ್ಪನ ನೆನಪಿಗೆ ಅವನ್ನು ನನಗೇ ಕೊಡಿ ಎಂದ.

ನೆನಪಿಗೆ. ವಾಚಲ್ಲ, ಪೆನ್ನಲ್ಲ, ಪಂಚೆಯಲ್ಲ. ನೆಲಮಾಳಿಗೆಗೆ ಹೋಗಿ ನೋಡಿದರೆ, ಡಬ್ಬಿಗಳ ಮೇಲೆ ಕುಂಕುಮ ಒಣಗಿ ಕಪ್ಪಾಗಿ ಕೂತಿತ್ತು. ಅಂಥ ಕಲೆಯನ್ನು ಅವಳು ಮೂವತ್ತು ವರ್ಷ ನೋಡಿದ್ದಳು.

ಆದರೂ ಅವಳು ಬೇಡವೆನ್ನಲಿಲ್ಲ, ನೋಡೋಣ ಅಂದಳು. ತಿಥಿ ಹತ್ತಿರ ಬರುತ್ತಿತ್ತು. ಕರ್ಮ ಮಾಡಿದವನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಇದು. ಇಲ್ಲವೆಂದು ಅವನ ಮನಸ್ಸು ಮುರಿದರೆ ಕೇಶವಮೂರ್ತಿಗೆ ಕೊಟ್ಟ ಮಾತು ಏನಾಗಬೇಕು? ಕೊಟ್ಟರೆ, ತನ್ನ ಮನೆಯಿಂದ ಹೊರಟ ಗುಂಡು ಯಾವತ್ತು ಎಲ್ಲಿ ಯಾರ ಮೈ ಹೊಕ್ಕೀತೋ ಯಾರು ಬಲ್ಲರು? ಕಾಗದದ ಮನುಷ್ಯನಿಗೆ ಹೊಡೆಯುವುದು ಎಂದೇ ಎಲ್ಲರೂ ಕೊಳ್ಳುತ್ತಾರೆ. ಆಸ್ಪತ್ರೆಗೆ ಕಾಗದದವರು ಬರುತ್ತಿರಲಿಲ್ಲ.

ಸುಬ್ಬು ಮುಂದೆ ಬಿದ್ದ. ಅವನಿಗೆ ಇದು ಹೊಸ ಆಟ. ಒಂದು ವಾರ ಕೂತು ನಿಯಮಗಳನ್ನೆಲ್ಲ ಓದಿ ಬಂದು, ಮಂತ್ರ ಕಲಿತ ವಟುವಿನ ಹಾಗೆ ಒಪ್ಪಿಸಿದ. ಅಂಚೆಯಲ್ಲಿ ಗುಂಡು ಕಳಿಸುವ ಹಾಗೇ ಇಲ್ಲ, ಅಪರಾಧ. ಪಾರ್ಸೆಲ್ ಕಂಪನಿಗಳಲ್ಲೂ ಹೆಚ್ಚಿನವು ನಮ್ಮಂಥವರಿಂದ ತೆಗೆದುಕೊಳ್ಳುವುದಿಲ್ಲ. ಹುಡುಕಿ ಹುಡುಕಿ ಒಂದನ್ನು ಹಿಡಿದಿದ್ದೇನೆ. ಅವರೂ ಮಾಲ್‌ಗಳಲ್ಲಿರುವ ತಮ್ಮ ಅಂಗಡಿಗಳಲ್ಲಿ ಮುಟ್ಟುವುದಿಲ್ಲ, ದೊಡ್ಡ ಡಿಪೋಗೆ ನಾವೇ ಒಯ್ದು, ಒಳಗೇನಿದೆ ಎಂದು ಹೇಳಿ ಕೊಡಬೇಕು. ಗುಂಡು ಅದರದೇ ಡಬ್ಬಿಯಲ್ಲಿ, ಡಬ್ಬಿ ಅಲುಗಾಡದ ಹಾಗೆ ಗಟ್ಟಿ ಪೆಟ್ಟಿಗೆಯಲ್ಲಿರಬೇಕು. ಹೊರಗೆ ಅಪಾಯದ ಸಾಮಾನೆಂದು ಕಪ್ಪು ಬಿಳುಪಿನ ಗುರುತು. ರಸ್ತೆಯಲ್ಲಷ್ಟೇ ಹೋಗಬೇಕು, ವಿಮಾನದಲ್ಲಿ ಕೂಡದು. ಆ ಕಡೆ ದೊಡ್ಡವರು ಸಹಿ ಹಾಕಿ ತೆಗೆದುಕೊಳ್ಳಬೇಕು.

‘ಎಲ್ಲಾ ಲೀಗಲ್ ಅತ್ತಿಗೆ. ನೂರಕ್ಕೆ ನೂರು ಲೀಗಲ್.’

‘ಲೀಗಲ್ ಅನ್ನೋದು ಬಿಟ್ಟು ಬೇರೆ ಮಾತೇ ಇಲ್ವಾ ನಿಮ್ಮ ಹತ್ರ?’ ಅಂದಳು ಉಷಾ.

ಅವನಿಗೆ ಅದು ತಮಾಷೆ ಅನ್ನಿಸಿತು. ತಿಥಿ ಮಾಡೋ ಹುಡುಗ ಅತ್ತಿಗೆ, ಅವನನ್ನ ಚೆನ್ನಾಗಿಟ್ಟುಕೊಳ್ಳಬೇಕು ಎಂದು ಬುದ್ಧಿ ಬೇರೆ ಹೇಳಿದ. ಕೊನೆಗೆ ಅವಳು ಸೋತು, ನೀವೇ ಕಟ್ಟಿ, ನಾನು ಮುಟ್ಟುವುದಿಲ್ಲ ಎಂದಳು. ಗುರುವಾರ ಡಿಪೋಗೆ ಜೊತೆಯಲ್ಲಿ ಬರಲು ಒಪ್ಪಿದಳು, ಕಳಿಸುವವಳ ಹೆಸರು ಅವಳದೇ ಆಗಬೇಕಿತ್ತಲ್ಲ.

ಹಾಗೆ ಸುಬ್ಬು ಬುಧವಾರ ಬಂದು ಡಬ್ಬಿಗಳನ್ನು ಒಯ್ದ. ಉಷಾ ಹಿಂದಿನ ದಿನವೇ ತಾನ್ಯಾಗೆಂದು ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿದು ಸಾರಿನ ಪುಡಿ ಮಾಡಿಟ್ಟಿದ್ದಳು. ಹೇಗೂ ಹೊರಟಿದ್ದೀರಿ, ಇದನ್ನು ಬೇರೆ ಪೆಟ್ಟಿಗೆಯಲ್ಲಿ ಅಂಚೆಗೆ ಹಾಕಿಬಿಡಿ ಎಂದು ನಾಲ್ಕು ಪ್ಯಾಕೆಟ್ ಅವನ ಕೈಗೆ ಕೊಟ್ಟಳು. ಅವನು ಆಗಲಿ ಎಂದ.

ಗುರುವಾರ ಡಿಪೋದ ಕೌಂಟರಿನ ಹೆಂಗಸು ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಗುರುತು ಸರಿಯಾಗಿತ್ತು, ವಿಳಾಸ ಸರಿಯಾಗಿತ್ತು. ಒಂದು ಮೂಲೆಯಿಂದ ಮಾತ್ರ ಕೆಂಪು ಪುಡಿ ಉದುರಿ ಕೌಂಟರಿನ ಮೇಲೆ ಬಿತ್ತು. ಇದೇನು ಎಂದು ಕೇಳಿದಳು. ಸುಬ್ಬು ಮಸಾಲೆ ಎಂದ. ಬಿಚ್ಚಿ ತೋರಿಸಿ ಎಂದಳು.

ಬಿಚ್ಚಿದರು. ನಾವು ಪಾರ್ಸೆಲ್ ಕಟ್ಟುವುದೇ ಹಾಗೆ. ಪೆಟ್ಟಿಗೆಯಲ್ಲಿ ಅಂಗೈಯಗಲ ಜಾಗ ಉಳಿದರೆ ಜೀವ ಕೇಳುವುದಿಲ್ಲ, ಒಂದು ಚಕ್ಕುಲಿ ಪೊಟ್ಟಣವನ್ನಾದರೂ ತುರುಕಬೇಕು. ಸುಬ್ಬು ಗುಂಡಿನ ಡಬ್ಬಿಗಳು ಅಲುಗಾಡಬಾರದೆಂದು ಸಂದಿಸಂದಿಗೆ ಸಾರಿನ ಪುಡಿಯ ಪ್ಯಾಕೆಟ್ ಒತ್ತಿದ್ದ. ಒಂದು ಒಡೆದಿತ್ತು. ಬಿಚ್ಚಿದ್ದ ಡಬ್ಬಿಯ ಮುಚ್ಚಳ ಸರಿದು, ಸಾಲಾಗಿ ನಿಂತ ಹಿತ್ತಾಳೆ ಗುಂಡುಗಳ ಮೇಲೆಲ್ಲ ಪುಡಿ ಕೂತಿತ್ತು.

‘ಜಾಗ ಖಾಲಿ ಇತ್ತು ಅತ್ತಿಗೆ,’ ಅಂದ ಸುಬ್ಬು. ‘ಕುಶನ್ನೂ ಆಯ್ತು, ಎರಡು ಸಲ ಕಳಿಸೋದೂ ತಪ್ಪಿತು.’

ಕೌಂಟರಿನವಳು ಒಳ್ಳೆಯವಳು. ವಾಸನೆ ಚೆನ್ನಾಗಿದೆ ಎಂದು ನಕ್ಕು, ತಿನ್ನುವ ಪದಾರ್ಥವನ್ನು ತೆಗೆದು, ಒರೆಸಿ, ಕಾಗದ ತುಂಬಿ ಕಟ್ಟಿಕೊಡಿ, ಇಲ್ಲೇ ಕಾಗದ ಇದೆ, ಇವತ್ತೇ ಹೊರಡುತ್ತದೆ ಎಂದಳು. ಸುಬ್ಬು ಕರವಸ್ತ್ರ ತೆಗೆದು ಒಂದೊಂದೇ ಗುಂಡನ್ನು ಒರೆಸಲು ಶುರುಮಾಡಿದ. ಒರೆಸುತ್ತ, ಪುಡಿಯೇನೂ ಹಾಳಾಗಿಲ್ಲ, ಜರಡಿ ಹಿಡಿದರೆ ಆಯ್ತು ಎಂದ.

ಉಷಾ ಗೋಡೆ ಹಿಡಿದು ನಿಂತಳು. ಅಸಹ್ಯವಾಯಿತು ಎಂದು ಆಮೇಲೆ ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳಿದಳು. ಪುಡಿ ಚೆಲ್ಲಿದ್ದಕ್ಕಲ್ಲ. ಒಬ್ಬ ಮನುಷ್ಯ, ಓದಿದವನು, ಮೊಮ್ಮಕ್ಕಳಿರುವವನು, ಮೈ ತೂತುಮಾಡುವ ಸಾಮಾನನ್ನು ಸಾರಿನ ಪುಡಿಯ ಜೊತೆಗಿಟ್ಟು ಕಟ್ಟುವಾಗ ಅವನ ಕೈ ಒಂದು ಕ್ಷಣವೂ ತಡೆಯಲಿಲ್ಲವಲ್ಲ, ಅದಕ್ಕೆ. ಅಂದು ಪೂಜೆಯ ತಟ್ಟೆ, ಇಂದು ಇದು. ಇವರಿಗೆ ಯಾವುದರ ಪಕ್ಕ ಯಾವುದನ್ನಿಟ್ಟರೂ ನಡೆಯುತ್ತದೆ.

ಅವಳು ಮುಂದೆ ಬಂದು ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

‘ಇದು ಹೋಗಲ್ಲ.’

‘ಐದು ನಿಮಿಷ ಅತ್ತಿಗೆ, ಒರೆಸಿಬಿಡ್ತೀನಿ.’

‘ನಾನು ಕಳಿಸಲ್ಲ ಸುಬ್ಬು. ಇದು ನನ್ನ ಹೆಸರಲ್ಲಿ ಎಲ್ಲಿಗೂ ಹೋಗಲ್ಲ.’

ಕಾರಿನಲ್ಲಿ ಸುಬ್ಬು ಸುಮ್ಮನಿರಲಿಲ್ಲ. ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆ, ತಿಥಿಗೆ ಎರಡು ವಾರವಿಲ್ಲ, ಬರದೇ ಹೋದರೆ ಪಿಂಡ ಇಡುವವರು ಯಾರು, ಕೇಶವನ ಆತ್ಮ ಏನಂದುಕೊಳ್ಳಬೇಕು ಎಂದ. ಅವಳು ರಸ್ತೆ ನೋಡುತ್ತ ಡ್ರೈವ್ ಮಾಡಿದಳು. ಕೆಂಡಲ್ ಪಾರ್ಕಿನಲ್ಲಿ ಅವನನ್ನು ಅವನ ಮನೆ ಮುಂದೆ ಇಳಿಸುವಾಗ ಒಡೆಯದ ಪ್ಯಾಕೆಟ್‌ಗಳನ್ನು ಅವನು ಕೇಳಿದ. ಅದನ್ನೂ ಅವಳು ಕೊಡಲಿಲ್ಲ.

ಅಲ್ಲೇ ರಸ್ತೆಬದಿಯಲ್ಲಿ ನಿಲ್ಲಿಸಿ ತನ್ನ ಊರಿನ ಠಾಣೆಗೆ ಫೋನು ಮಾಡಿದಳು. ಪೆಟ್ಟಿಗೆ ಕಾರಿನ ಹಿಂದಿನ ಟ್ರಂಕಿನಲ್ಲೇ ಇರಲಿ, ಬಂದು ಮೊದಲು ಒಳಗೆ ಹೇಳಿ ಎಂದರು. ಎದೆ ಹಿಡಿದ ಹಾಗಿದೆ, ಗ್ಯಾಸ್ ಇರಬೇಕು ಎಂದು ಆ ಗೆಳತಿಗೆ ಫೋನಿನಲ್ಲಿ ಹೇಳಿದ್ದೂ ಆಗಲೇ. ಆಸ್ಪತ್ರೆಗೆ ಹೋಗು ಎಂದರೆ, ಮೊದಲು ಇದು ನನ್ನ ಕೈಯಿಂದ ತೊಲಗಲಿ ಎಂದಳು.

ಠಾಣೆಯ ಅಧಿಕಾರಿ ಹೊರಗೆ ಬಂದು ಪೆಟ್ಟಿಗೆ ಎತ್ತಿಕೊಂಡ. ಇದನ್ನೇನು ಮಾಡುತ್ತೀರಿ ಎಂದು ಉಷಾ ಕೇಳಿದಳು. ನಾಶ ಮಾಡುತ್ತೇವೆ ಎಂದ. ಯಾರಿಗೂ ಕೊಡುವುದಿಲ್ಲ ತಾನೆ, ನಿಮ್ಮವರೂ ಬಳಸುವುದಿಲ್ಲ ತಾನೆ ಎಂದು ಮತ್ತೆ ಕೇಳಿದಳು. ಇಲ್ಲ ಎಂದು ಅವನು ನಿಂತು ಹೇಳಿದ. ಒಳಗೆ ಕೆಂಪಗೆ ಇದೇನು ಎಂದು ಅವನೂ ಕೇಳಿದ. ಅಡುಗೆಯದು, ಅದನ್ನೂ ಸುಟ್ಟುಬಿಡಿ ಎಂದಳು.

ಕಾರಿಗೆ ಬಂದು ಕೂತು ಅಭಿನವ್‌ಗೆ ಫೋನು ಮಾಡಿದಳು. ಅವನು ಮೀಟಿಂಗಿನಲ್ಲಿದ್ದ, ಎತ್ತಲಿಲ್ಲ. ಅವಳು ಬಿಟ್ಟ ಸಂದೇಶ ಅವನ ಫೋನಿನಲ್ಲಿದೆ. ಫ್ಯೂನರಲ್ ಹೋಮಿನಲ್ಲಿ, ಕಾಫಿ ಮೇಜಿನವರಿಂದ ದೂರ ಬಂದು, ಅದನ್ನು ನಮಗೆ ಕೇಳಿಸಿದ. ಮಧ್ಯೆ ಮಧ್ಯೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಧ್ವನಿ ಮಾತ್ರ ಗಟ್ಟಿಯಾಗಿದೆ.

‘ಅಭಿ, ದೊಡ್ಡಮ್ಮ ಕಣೋ. ಗುಂಡುಗಳನ್ನ ಪೊಲೀಸರಿಗೆ ಕೊಟ್ಟುಬಿಟ್ಟೆ. ನಿಂಗೆ ಕೊಡಲ್ಲ, ಯಾರಿಗೂ ಕೊಡಲ್ಲ. ಕೋಪ ಬಂದ್ರೆ ಬರಲಿ. ದೊಡ್ಡಪ್ಪನ ತಿಥಿಗೆ ಬರೋದು ಬಿಡೋದು ನಿನ್ನಿಷ್ಟ. ನೀನು ಬರದಿದ್ರೆ ನಾನೇ ಕೂತು ಮಾಡ್ತೀನಿ, ಹೆಂಗಸು ಮಾಡಬಾರದು ಅಂತ ಯಾರಾದ್ರೂ ಬಂದು ಹೇಳಲಿ, ನೋಡ್ತೀನಿ. ತಾನ್ಯಾಗೆ ಪುಡಿ ಕಳಿಸೋದು ತಡ ಆಗತ್ತೆ ಅಂತ ಹೇಳು. ಹೊಸದಾಗಿ ಮಾಡಬೇಕು.’