ಗಾಡಿ ತಡ ಎಂದು ಹೇಳಿದವನು ನಾನು

ಶಾಂತಕ್ಕ, ಆ ದಿನ ಗಾಡಿ ತಡವಾಗಿ ಬರುತ್ತದೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ತಿಳಿಯದೆ ಆಡಿದ ಮಾತಲ್ಲ — ತಿಳಿದೇ ಹೇಳಿದೆ.

ನೀನು ಬಲ್ಲ ಗಾಡಿ ಹಳೆಯದು. ಸಣ್ಣ ಹಳಿಯ ಮೇಲೆ ಅರ್ಧ ಖಾಲಿ ಓಡುತ್ತಿತ್ತು. ಹೊಳೆಆಲೂರಿನ ಜನ ಉಂಡು, ಒಂದು ನಿದ್ದೆ ತೆಗೆದು ಹೋದರೂ ಸಿಗುತ್ತಿತ್ತು. ದೊಡ್ಡ ಹಳಿ ಬಿದ್ದ ಮೇಲೆ ಅದು ಹೇಳಿದ ಹೊತ್ತಿಗೆ ಬರತೊಡಗಿತು. ಬಸ್ಸು ಬಿಟ್ಟು ಬಂದ ಜನರಿಂದ ಬಾಗಿಲಲ್ಲೂ ಕಾಲಿಡಲು ಜಾಗವಿರುತ್ತಿರಲಿಲ್ಲ. ದಿನಾ ಅದರಲ್ಲೇ ಗದಗಿನ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದ ನನಗೆ ಇದು ಗೊತ್ತಿತ್ತು. ಮದುವೆಯಾಗಿ ಶಿರೋಳ ಸೇರಿದ ನಿನಗೆ ಗೊತ್ತಿರಲಿಲ್ಲ.

ಅಪ್ಪ ಗದಗಿನ ದವಾಖಾನೆಯಲ್ಲಿ ಕೊನೆಯ ಗಳಿಗೆ ಎಣಿಸುತ್ತಿದ್ದ. ತನ್ನ ಮಾತು ಮೀರಿ ಮದುವೆಯಾದೆ ಎಂದು ವರ್ಷಗಟ್ಟಲೆ ನಿನ್ನ ಹೆಸರೆತ್ತದವನು, ಆ ಬೆಳಿಗ್ಗೆ "ಶಾಂತಾನ್ನ ಕರಸೋ" ಎಂದ. ಮೈ ಒರೆಸಿದವನು, ಎತ್ತಿ ಕೂರಿಸಿದವನು ನಾನು — ಅವನ ಕಣ್ಣು ಹುಡುಕಿದ್ದು ನಿನ್ನನ್ನು. ಅದು ನನಗೆ... ಇರಲಿ.

ನಿನ್ನ ಪಕ್ಕದ ಮನೆಗೆ ಫೋನ್ ಮಾಡಿದೆ. ಅಪ್ಪನಿಗೆ ಭಾಳ ಆಗಿದೆ ಎಂದಷ್ಟೇ ಹೇಳಿದೆ. ಅವನೇ ಕರೆದ ಎಂದು ಹೇಳಲಿಲ್ಲ. ನೀನು ಗಾಬರಿಯಿಂದ ಕೇಳಿದೆ: "ತಮ್ಮಾ, ಗಾಡಿ ಸಿಗತೈತೇನೋ?"

"ಅದು ಯಾವತ್ತರ ವ್ಯಾಳ್ಯಾಕ ಬಂದೈತೇನಬೇ ಯಕ್ಕಾ? ಸಾವಕಾಶ ಬಾ."

ನೀನು ನಂಬಿದೆ. ಶಿರೋಳದಿಂದ ಹೊಳೆಆಲೂರಿನ ನಿಲ್ದಾಣ ಮುಟ್ಟಿದಾಗ ಗಾಡಿ ಹೋಗಿಬಿಟ್ಟಿತ್ತು. ರೋಣದ ಮೇಲಿಂದ ಬಸ್ಸು ಹಿಡಿದು ನೀನು ಬರುವಷ್ಟರಲ್ಲಿ ಅಪ್ಪನ ಮುಖಕ್ಕೆ ಬಟ್ಟೆ ಹೊದಿಸಿದ್ದರು. "ನಾನ ಲಗೂ ಹೊಂಡಬೇಕಿತ್ತು, ನಂದ ತಪ್ಪು" ಎಂದು ನೀನು ಗೋಡೆಗೆ ತಲೆ ಚಚ್ಚಿಕೊಂಡಾಗ ನಾನು ನಿನ್ನ ಹೆಗಲು ಹಿಡಿದೆ — ಸಮಾಧಾನ ಮಾಡುವವನಂತೆ!

ಅಲ್ಲಿಗೂ ನಿಲ್ಲಲಿಲ್ಲ. "ಅಪ್ಪ ನನ್ನ ಕೇಳಿದ್ನೇನೋ?" ಎಂದು ನೀನು ನನ್ನ ಮುಖ ನೋಡಿದೆ.

"ಎಚ್ಚರನ ಇರಲಿಲ್ಲಬೇ" ಎಂದುಬಿಟ್ಟೆ.

ಅಪ್ಪ ಸಿಟ್ಟಿನಲ್ಲೇ ಹೋದ ಎಂದುಕೊಂಡು ಇಷ್ಟು ವರ್ಷ ಬದುಕಿದ್ದೀ. ಅಲ್ಲ, ಅಕ್ಕಾ. ಅವನಿಗೆ ಎಚ್ಚರವಿತ್ತು. ಬಾಗಿಲ ಕಡೆ ಮುಖ ಮಾಡಿ ಮಲಗಿಸು ಎಂದ. ಹೊರಗೆ ಯಾರ ಬಳೆ ಸದ್ದಾದರೂ ತಲೆ ಎತ್ತುತ್ತಿದ್ದ. ಕೊನೆಗೆ ನನ್ನ ಕೈ ಹಿಡಿದು — ಕಣ್ಣು ಮಂಜಾಗಿತ್ತೇನೋ — "ಬಂದ್ಯೇನವಾ?" ಎಂದ.

ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಆ ಮಾತು ನಿನ್ನದು. ಇಷ್ಟು ವರ್ಷ ನಾನು ಇಟ್ಟುಕೊಂಡು ಕೂತೆ.