ತುರುಬಿನ ರಾಣಿಯರ ಮೇಷ್ಟ್ರು

1979ರ ಜುಲೈ 9, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: ‘ಪಕ್ಕದ ಟೇಬಲ್ಲಿನವರು ಬಿಸ್ಕತ್ತನ್ನು ಹೆಬ್ಬೆರಳು, ತೋರುಬೆರಳುಗಳಿಂದ ಅಂಚಿನಲ್ಲಷ್ಟೇ ಹಿಡಿದರು. ಕಿಟಕಿಯ ಬೆಳಕಿಗೆ ಓರೆ ಮಾಡಿ ಒಂದು ಮುಖ ನೋಡಿದರು. ತಿರುಗಿಸಿ ಇನ್ನೊಂದು ಮುಖ ನೋಡಿದರು. ಆಮೇಲೆ ತಿಂದರು.’

ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅದು ನನ್ನ ಮೊದಲ ದಿನ. ಪಾಲಿಟೆಕ್ನಿಕ್ ಮುಗಿಸಿ ಬಂದಿದ್ದ ನನಗೆ ಇಪ್ಪತ್ತು ವರ್ಷ. ಅವರು ಅಲ್ಲಿನ ಹಿರಿಯ ಇನ್‌ಸ್ಪೆಕ್ಟರು. ಹೊಸದಾಗಿ ಬಂದವರಿಗೆಲ್ಲ ಅಳತೆ ಹಿಡಿಯುವುದನ್ನು ಅವರೇ ಕಲಿಸುತ್ತಿದ್ದುದರಿಂದ ಇಡೀ ಶಾಪಿಗೆ ಅವರು ಮೇಷ್ಟ್ರು.

ಎರಡನೆಯ ದಿನ ಧೈರ್ಯ ಮಾಡಿ ಕೇಳಿದೆ. “ಬಿಸ್ಕತ್ತಲ್ಲಿ ಏನ್ ನೋಡ್ತೀರಾ ಸಾರ್?”

“ಅಭ್ಯಾಸ ಕಣಮ್ಮ. ಎರಡೂ ಮುಖ ನೋಡ್ದೆ ಏನನ್ನೂ ಪಾಸ್ ಮಾಡ್ಬಾರ್ದು.”

ಆ ಅಭ್ಯಾಸ ಎಲ್ಲಿಂದ ಬಂತೆಂದು ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಒಂದು ಶನಿವಾರ ಊಟದ ಡಬ್ಬಿಯ ಪಕ್ಕದಲ್ಲಿ ಅವರು ಬಟ್ಟೆಯ ಗಂಟೊಂದನ್ನು ಬಿಚ್ಚಿದರು. ಒಳಗಿದ್ದದ್ದು ಅಂಗೈ ಮಧ್ಯವನ್ನು ತುಂಬುವಷ್ಟು ದೊಡ್ಡ ಕಂಚಿನ ನಾಣ್ಯ. ಬ್ರಿಟಿಷರ ಹಳೆಯ ಪೆನ್ನಿ. ಒಂದು ಮುಖದಲ್ಲಿ ತಲೆಯ ಹಿಂದೆ ಕೂದಲು ಗಂಟು ಹಾಕಿದ ವಿಕ್ಟೋರಿಯಾ. ಮೇಷ್ಟ್ರು ಅವಳನ್ನು ‘ತುರುಬಿನ ರಾಣಿ’ ಎನ್ನುತ್ತಿದ್ದರು. ಇನ್ನೊಂದು ಮುಖದಲ್ಲಿ ಗುರಾಣಿ, ತ್ರಿಶೂಲ ಹಿಡಿದು ಸಮುದ್ರದ ದಡದಲ್ಲಿ ಕೂತ ಹೆಂಗಸು. ಅವಳು ‘ತ್ರಿಶೂಲದಮ್ಮ’. ಅವಳ ಒಂದು ಪಕ್ಕದಲ್ಲಿ ಹಡಗು, ಇನ್ನೊಂದು ಪಕ್ಕದಲ್ಲಿ ಕಡ್ಡಿಯಷ್ಟು ತೆಳ್ಳಗಿನ ದೀಪಸ್ತಂಭ.

ಅದು ಅವರಿಗೆ ಸಿಕ್ಕಿದ್ದು ಪೀಣ್ಯದಲ್ಲೇ. ಪಕ್ಕದ ರಸ್ತೆಯ ಫೌಂಡ್ರಿಯೊಂದರಲ್ಲಿ, ಕರಗಿಸಲು ತಂದು ಸುರಿದಿದ್ದ ಕಂಚಿನ ಗುಜರಿಯ ರಾಶಿಯ ಮೇಲೆ ಈ ರಾಣಿ ಮಲಗಿದ್ದಳು. “ಇನ್ನರ್ಧ ಗಂಟೆ ತಡ ಆಗಿದ್ರೆ ಇವಳು ಯಾವ್ದೋ ಮೋಟಾರಿನ ಬುಷ್ ಆಗಿರ್ತಿದ್ಳು” ಎಂದರು. ಅಂದಿನಿಂದ ಅವರು ಹಟ ಹಿಡಿದರು. ಈ ತುರುಬಿನ ರಾಣಿ ಕಂಚಿನ ಪೆನ್ನಿಯ ಮೇಲೆ ಇದ್ದದ್ದು 1860ರಿಂದ 1894ರವರೆಗೆ. ವರ್ಷಕ್ಕೊಂದರಂತೆ ಮೂವತ್ತೈದು. ಸಾಗುವಾನಿ ಹಲಗೆಯಲ್ಲಿ ಮೂವತ್ತೈದು ಗುಳಿ ಕೊರೆದು ಒಂದು ತಟ್ಟೆ ಮಾಡಿಕೊಂಡಿದ್ದರು. ನಾನು ಮೊದಲು ನೋಡಿದಾಗ ಇಪ್ಪತ್ತೇಳು ತುಂಬಿದ್ದವು. ಅಂದೇ ನನ್ನ ಡೈರಿಯ ಕೊನೆಯ ಪುಟದಲ್ಲೂ ಮೂವತ್ತೈದು ಚೌಕ ಬರೆದುಕೊಂಡೆ.

ಸಂಗ್ರಹಿಸುವುದಕ್ಕಿಂತ ದರ್ಜೆ ಕಟ್ಟುವುದರಲ್ಲೇ ಅವರಿಗೆ ಹೆಚ್ಚು ಸುಖ. ಪುಸ್ತಕದಲ್ಲಿರುವ ಇಂಗ್ಲಿಷ್ ದರ್ಜೆಗಳು ಅವರಿಗೆ ಗೊತ್ತಿದ್ದವು, ಆದರೆ ಬಳಸುತ್ತಿದ್ದದ್ದು ತಮ್ಮದೇ ನಾಲ್ಕು. ಯಾರ ಕೈಯನ್ನೂ ಸೇರದ ಹೊಸ ನಾಣ್ಯ ‘ಮಡಿಕೆ’, ಅಂದರೆ ಮಡಿಕೆ ಬಿಚ್ಚದ ಸೀರೆ. ತುರುಬಿನ ಎಳೆ ಎಳೆಯೂ ಕಾಣುತ್ತಿದ್ದರೆ ‘ಒಂದೊಗೆತ’. ಎಳೆಗಳು ಕೂಡಿಕೊಂಡು ದೀಪಸ್ತಂಭ ಮಸುಕಾಗಿದ್ದರೆ ‘ನಾಲ್ಕೊಗೆತ’. ರಾಣಿಯ ನೆರಳಷ್ಟೇ ಉಳಿದಿದ್ದರೆ ‘ಒರೆಸುಬಟ್ಟೆ’. ತಾವು ಕೊಟ್ಟ ದರ್ಜೆಯನ್ನು ಮುಚ್ಚಿಟ್ಟು ನನಗೆ ಭೂತಗನ್ನಡಿ ಕೊಡುತ್ತಿದ್ದರು. ನಾನು ಹೇಳಿದ್ದು ತಾಳೆಯಾದರೆ “ಸರಿ” ಅನ್ನುವುದು, ಆಗದಿದ್ದರೆ “ಇನ್ನೊಂದ್ಸಲ ನೋಡು” ಅನ್ನುವುದು. ನಾಲ್ಕು ವರ್ಷಗಳಲ್ಲಿ “ಸರಿ” ಹನ್ನೊಂದು. “ಇನ್ನೊಂದ್ಸಲ ನೋಡು” ನಲವತ್ತಾರರ ನಂತರ ಎಣಿಸುವುದನ್ನು ಬಿಟ್ಟೆ.

ಅವರು ಯಾವ ನಾಣ್ಯವನ್ನೂ ತೊಳೆದದ್ದನ್ನು, ಉಜ್ಜಿದ್ದನ್ನು ನಾನು ನೋಡಲಿಲ್ಲ. ಯಾಕೆಂದು ಕೇಳಲಿಲ್ಲ. ಪುರುಸೊತ್ತಿಲ್ಲ ಎಂದುಕೊಂಡಿದ್ದೆ.

1983ರ ಮೇ ಹೊತ್ತಿಗೆ ತಟ್ಟೆಯಲ್ಲಿ ಮೂವತ್ತನಾಲ್ಕು ಇದ್ದವು. 1869 ಮಾತ್ರ ಸಿಗಲಿಲ್ಲ. ಆಗಸ್ಟ್ ಕೊನೆಗೆ ಮೇಷ್ಟ್ರ ನಿವೃತ್ತಿ. “ಮನೆಗೆ ಹೋಗೋ ಮುಂಚೆ ಇವಳೊಬ್ಳು ಬಂದ್ಬಿಟ್ಟಿದ್ರೆ ಚೆನ್ನಾಗಿತ್ತು” ಎಂದು ಖಾಲಿ ಗುಳಿಯಲ್ಲಿ ಬೆರಳಿಟ್ಟು ಹೇಳಿದ್ದರು. ಬೇರೆ ಯಾವ ವಿಷಯಕ್ಕೂ ಅವರು ಹಾಗೆ ಆಸೆಪಟ್ಟದ್ದನ್ನು ನಾನು ಕೇಳಿರಲಿಲ್ಲ.

ಅವಳು ಸಿಕ್ಕಿದ್ದು ನನಗೆ. ವೈಟ್‌ಫೀಲ್ಡಿನಲ್ಲಿ ನನ್ನ ಅಕ್ಕನ ಮನೆ. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಅಜ್ಜಿ ಪರದೆಗಳು ಗಾಳಿಗೆ ಹಾರದಿರಲೆಂದು ಅವುಗಳ ಅಂಚಿನೊಳಗೆ ಹಳೆಯ ಪೆನ್ನಿಗಳನ್ನು ಇಟ್ಟು ಹೊಲಿದಿದ್ದರು. ಜುಲೈ 24ರ ಭಾನುವಾರ ಅವರ ಅನುಮತಿ ಪಡೆದು ಹೊಲಿಗೆ ಬಿಚ್ಚಿದೆ. ನಾಲ್ಕನೆಯ ಪರದೆಯಲ್ಲಿ 1869. “ನನ್ನ ಪರದೆಗೆ ಭಾರ ಏನು ಕೊಡ್ತೀಯಾ?” ಎಂದರು ಅಜ್ಜಿ. ಮುಂದಿನ ವಾರ ಅದೇ ತೂಕಕ್ಕೆ ಎರಡು ಉಕ್ಕಿನ ವಾಷರ್ ತಂದು ಹೊಲಿದುಕೊಟ್ಟೆ.

ಅಂದಿನ ಡೈರಿ: ‘1869. ಬಣ್ಣ ಕಾಫಿ ಬೀಜದ್ದು. ತುರುಬಿನ ಎಳೆ ಸ್ಪಷ್ಟ. ದೀಪಸ್ತಂಭ ಪೂರ್ತಿ, ತುದಿಯ ಚುಕ್ಕೆಯೂ ಇದೆ. ಒಂದೊಗೆತ.’

ಕೂಡಲೇ ಕೊಟ್ಟುಬಿಡಬೇಕಿತ್ತು. ಬೀಳ್ಕೊಡುಗೆಯ ದಿನ ಕೊಡೋಣವೆಂದು ಇಟ್ಟುಕೊಂಡೆ. ನಮ್ಮ ಶಾಪಿನಲ್ಲಿ ಒಂದು ಪದ್ಧತಿ ಇತ್ತು. ನಿವೃತ್ತರಾಗುವವರ ಕೈಯಲ್ಲಿ ವರ್ಷಗಟ್ಟಲೆ ಇದ್ದ ಒಂದು ವಸ್ತುವನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿ, ಮರದ ಪೀಠಕ್ಕೆ ಕೂರಿಸಿ ಕೊಡುವುದು. ಫಿಟ್ಟರಿಗೆ ಅವನ ಸುತ್ತಿಗೆ, ಲೇತಿನವನಿಗೆ ಅವನ ಕೀಲಿ. ಮೇಷ್ಟ್ರಿಗೆ ಪೆನ್ನಿಯನ್ನೇ ಪೀಠಕ್ಕೆ ಕೂರಿಸೋಣ ಎಂದು ನಾನೇ ಹೇಳಿದೆ.

ಬಫಿಂಗ್ ಮಾಡುತ್ತಿದ್ದವನನ್ನು ಶಾಪಿನಲ್ಲಿ ಎಲ್ಲರೂ ‘ಅಣ್ಣ’ ಎನ್ನುತ್ತಿದ್ದೆವು, ಲಗ್ಗೆರೆಯ ರಾಗಿ ಹೊಲದವರ ಮನೆಯವನು. ಪೆನ್ನಿಯನ್ನು ನೋಡಿ ಮೂಗು ಮುರಿದ.

“ಏನ್ ಮೇಡಮ್ಮೋ, ಇಂಗೆ ಕರ್ರಗಿರೋದ್ನ ಕೊಡಾದಾ? ನಮ್ ಶಾಪಿನ್ ಮಾನ ಓಯ್ತದೆ.”

“ಜಾಸ್ತಿ ಒತ್ತಬೇಡಿ ಅಣ್ಣ.”

“ಅಂಗೇ ಸವರ್ಕೊಡ್ತೀನಿ. ಅರಿಶಿನ ಅಚ್ಚಿದ್ ಕೆನ್ನೆ ಇದ್ದಂಗೆ ಒಳೀತದೆ, ನೋಡ್ತಿರಿ.”

ನಾನು ಬೇಡವೆನ್ನಲಿಲ್ಲ. ಹೊಳಪು ಬಂದರೆ ಒಂದೊಗೆತದ್ದು ಮಡಿಕೆಗೆ ಏರಬಹುದು ಎಂಬ ಲೆಕ್ಕವೂ ತಲೆಯಲ್ಲಿತ್ತು. ಬೀಳ್ಕೊಡುಗೆಯ ದಿನ ಮಧ್ಯಾಹ್ನ 3.20ಕ್ಕೆ ಕೊಟ್ಟೆ, 3.35ಕ್ಕೆ ಬಂತು. ರಾಣಿಯ ಮುಖ ಚಿನ್ನದಂತೆ ಹೊಳೆಯುತ್ತಿತ್ತು. ಸಂತೋಷದಲ್ಲಿ ಹಾಗೆಯೇ ಪೀಠದ ಮೇಲಿನ ಕೊಕ್ಕೆಗಳಿಗೆ ಸಿಕ್ಕಿಸಿದೆ. ಇನ್ನೊಂದು ಮುಖ ನೋಡಲಿಲ್ಲ.

ಆಗಸ್ಟ್ 31, ಬುಧವಾರ, ನಾಲ್ಕೂವರೆ. ಕ್ಯಾಂಟೀನಿನಲ್ಲಿ ಸಭೆ. ಮೇಷ್ಟ್ರು ಹಾರವನ್ನು ತೆಗೆದಿಟ್ಟು, ಪೆನ್ನಿಯನ್ನು ಕೊಕ್ಕೆಯಿಂದ ಬಿಡಿಸಿ, ಅಂಚಿನಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಓರೆ ಮಾಡಿದರು. ಒಂದು ಮುಖ ನೋಡಿದರು. ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ತ್ರಿಶೂಲದಮ್ಮನ ಪಕ್ಕದಲ್ಲಿ ಅವರ ಉಗುರು ಏನನ್ನೋ ಹುಡುಕುತ್ತಿತ್ತು. ಆಗ ನನಗೂ ಕಂಡಿತು. ಕೆಳಗೆ 1869 ಎಂಬ ಅಂಕಿ ಓದುವಷ್ಟು ಉಳಿದಿತ್ತು. ದೀಪಸ್ತಂಭ ಇದ್ದ ಜಾಗ ನುಣ್ಣಗಿತ್ತು.

“ಬಫಿಂಗ್ ಯಾರ್ದಪ್ಪ?” ಎಂದರು.

“ನಂದೇ ಸಾರ್” ಎಂದ ಅಣ್ಣ, ಎದ್ದು ನಿಂತು.

“ಒಂದು ಗೀರಿಲ್ಲ. ಪಾಸ್.”

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಪಾಸ್ ಮಾಡಿದ್ದು ಹೊಳಪನ್ನು, ನಾಣ್ಯವನ್ನಲ್ಲ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಮುಂದಿನ ಭಾನುವಾರ ಬಾಗಲಗುಂಟೆಯ ಅವರ ಮನೆಗೆ ಹೋದೆ. ಬಾಗಿಲು ತೆರೆದ ಮೇಷ್ಟ್ರ ಹೆಂಡತಿ, “ಬಾಮ್ಮ. ರಾಣಿ ಬಂದಾಗಿಂದ ಕಿಟಕಿ ಬಿಟ್ಟು ಏಳ್ತಿಲ್ಲ. ನನ್ನನ್ನ ಹೆಣ್ಣು ನೋಡೋಕೆ ಬಂದಾಗ್ಲೂ ಇಷ್ಟು ಹೊತ್ತು ನೋಡಿಲ್ಲ” ಎಂದರು.

ಚಪ್ಪಲಿ ಬಿಟ್ಟು ನಿಂತಲ್ಲೇ ಹೇಳಿದೆ. “ಬಫಿಂಗಿಗೆ ಕೊಟ್ಟಿದ್ದು ನಾನೇ ಸಾರ್. ಅದಕ್ಕೆ ಮುಂಚೆ ಒಂದೊಗೆತ ಇತ್ತು. ದೀಪಸ್ತಂಭ ಪೂರ್ತಿ ಇತ್ತು.”

“ಪೂರ್ತಿ?”

“ಪೂರ್ತಿ.”

“ತುದಿ?”

“ತುದೀಲಿ ಚುಕ್ಕೇನೂ ಇತ್ತು ಸಾರ್.”

“ಡೈರಿ ತಂದಿದೀಯಾ? ಓದು.”

ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ಓದಿಸಿದರು. “ನೋಡಿದೋರು ಒಬ್ರಾದ್ರೂ ಇದೀರಲ್ಲ, ಬಿಡು” ಎಂದು ಪೆನ್ನಿಯನ್ನೂ ಭೂತಗನ್ನಡಿಯನ್ನೂ ನನ್ನ ಕಡೆ ಸರಿಸಿದರು. “ದರ್ಜೆ ಹಾಕು.”

“ಒರೆಸುಬಟ್ಟೆ ಸಾರ್.”

“ಇನ್ನೊಂದ್ಸಲ ನೋಡು. ಒರೆಸುಬಟ್ಟೆ ಸಾವಿರಾರು ಜನದ ಕೈ ದಾಟಿ ಸವೆದಿರತ್ತೆ, ಅದಕ್ಕೊಂದು ಮರ್ಯಾದೆ ಇದೆ. ಇದು ಹೊಸ ಸೀರೇನ ಇಸ್ತ್ರಿಯವನು ಸುಟ್ಟಿದ್ದು.”

ಒಳಗಿಂದ ಅವರ ಹೆಂಡತಿ, “ಸುಟ್ಟ ಸೀರೆ ನಾನು ಉಟ್ಟಿಲ್ವಾ? ನೆರಿಗೆ ಒಳಗೆ ಹೋದ್ರೆ ಯಾರಿಗೆ ಕಾಣತ್ತೆ?” ಎಂದರು.

“ನಂಗೆ ಕಾಣತ್ತಲ್ಲ” ಎಂದು ಮೇಷ್ಟ್ರು ನಕ್ಕರು. ನನಗೆ ಅಳು ಬಂತು. ಉಪ್ಪಿಟ್ಟು ಬಂದ ಮೇಲೆ ನಿಂತಿತು.

ಮೂವತ್ತೈದನೆಯ ಗುಳಿಯಲ್ಲಿ ಅವರು ಅದನ್ನು ಇಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. “ಗಾಳೀಲಿ ಇರ್ಲಿ. ಕಂಚು ತಾನಾಗೇ ಬಣ್ಣ ಕಟ್ಟತ್ತೆ. ನಾವು ಮುಟ್ಟದೇ ಇದ್ರೆ ಸಾಕು.” ಹೊರಡುವಾಗ ಗೇಟಿನವರೆಗೂ ಬಂದು ಇನ್ನೊಂದು ಮಾತು ಹೇಳಿದರು. “ಬಫಿಂಗಿನವನಿಗೆ ಹೇಳ್ಬೇಡ. ಅವನ ಕೆಲಸ ಅವನು ಸರಿಯಾಗೇ ಮಾಡಿದಾನೆ.” ಇಂದಿಗೂ ನಾನು ಅವನಿಗೆ ಹೇಳಿಲ್ಲ. ಈ ಬರಹದಲ್ಲಿ ಅವನ ಹೆಸರಿಲ್ಲದಿರುವುದು ಅದಕ್ಕೇ.

ಮುಂದೆ ಹಲವು ಭಾನುವಾರ ಹೋದೆ. ಬೇರೆ ನಾಣ್ಯಗಳ ಮಾತಾಗುತ್ತಿತ್ತು. ಕಟ್ಟೆಯ ಕಡೆ ನಾನು ನೋಡುತ್ತಿರಲಿಲ್ಲ. ಅವರೂ ತೋರಿಸುತ್ತಿರಲಿಲ್ಲ.

ಮೇಷ್ಟ್ರು 1987ರ ಜನವರಿಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲಿ ಕೂತಿದ್ದಾಗಲೇ ತೀರಿಕೊಂಡರು. ತಿಂಗಳ ನಂತರ ಅವರ ಹೆಂಡತಿ ಸಾಗುವಾನಿ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. “ನಿಂಗೇ ಕೊಡ್ಬೇಕು ಅಂದಿದ್ರು. ತೊಳೆಯೋಕೆ ಮಾತ್ರ ಬಿಡ್ಬೇಡ ಅಂತ ನಂಗೂ ಹೇಳಿದ್ರು” ಎಂದರು.

ಮನೆಗೆ ಬಂದು ಎಣಿಸಿದೆ. ಮೂವತ್ತೈದು. ಕೊನೆಯ ಗುಳಿಯಲ್ಲಿ 1869 ಕೂತಿತ್ತು. ಹೊಳಪು ಹೋಗಿ ಕಂದು ಬಂದಿತ್ತು. ಅಂಚಿನಲ್ಲಿ ಹಿಡಿದು ಎತ್ತಿದೆ. ಅಡಿಯಲ್ಲಿ ಅವರ ಸಣ್ಣ ಅಕ್ಷರದ ಚೀಟಿ. ಪ್ರತಿ ವರ್ಷವೂ ಒಂದೇ ತಾರೀಖು.

‘31-8-84. ಕಿತ್ತಳೆ. ಇಸ್ತ್ರಿ.
31-8-85. ಅಂಚು ಕಂದು. ಇಸ್ತ್ರಿ.
31-8-86. ಎರಡೂ ಮುಖ ಕಂದು. ದೀಪಸ್ತಂಭ ಇಲ್ಲ. ಇತ್ತು, ನೋಡಿದವರಿದ್ದಾರೆ. ಗುಳಿಗೆ ತೆಗೆದುಕೊಂಡಿದೆ.’

ಈಗ ಆ ಚೀಟಿಯಲ್ಲಿ ನನ್ನ ಕೈಬರಹದ ಸಾಲುಗಳೂ ಎರಡು ಇವೆ, 87ರದ್ದು ಮತ್ತು 88ರದ್ದು. ಶಾಪಿನಲ್ಲಿ ಅವರ ಟೇಬಲ್ಲಿನಲ್ಲಿ ಈಗ ನಾನು ಕೂರುತ್ತೇನೆ. ಹೊಸಬರು ನನ್ನ ಬಿಸ್ಕತ್ತನ್ನು ನೋಡಿ ನಗುತ್ತಾರೆ.

ಓದುಗರಲ್ಲಿ ಯಾರ ಮನೆಯ ಡಬ್ಬಿಯಲ್ಲೋ, ಪರದೆಯ ಅಂಚಿನಲ್ಲೋ 1869ರ ತುರುಬಿನ ರಾಣಿ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನಾಣ್ಯ ನನಗೆ ಬೇಡ, ಮೇಷ್ಟ್ರ ಗುಳಿ ತುಂಬಿದೆ. ಅದರ ದೀಪಸ್ತಂಭ ಹೇಗಿದೆ, ತುದಿಯಲ್ಲಿ ಚುಕ್ಕೆ ಇದೆಯೇ ಎಂದು ತಿಳಿಸಿದರೆ ಸಾಕು. ಎರಡೂ ಮುಖ ನೋಡಿ ಬರೆಯಿರಿ. ಕಪ್ಪಾಗಿದ್ದರೆ ಹಾಗೆಯೇ ಇರಲಿ, ಒರೆಸಬೇಡಿ.